ಕುದುರೆಮುಖಕ್ಕೆ ಕಾಣದ ಬೆಳಕಿನ ಲೆಕ್ಕ

ಕುದುರೆಮುಖದ ನೆತ್ತಿಯಿಂದ ಧ್ರುವಪ್ರಭೆ ಕಾಣುವುದಿಲ್ಲ. 1,890 ಮೀಟರಿಗೂ ಮಿಕ್ಕಿದ ಎತ್ತರವಿದೆ, ಸುತ್ತ ರಾಷ್ಟ್ರೀಯ ಉದ್ಯಾನದ ಕತ್ತಲಿದೆ, ಮಾಗಿಯ ರಾತ್ರಿಗಳಲ್ಲಿ ಮೋಡವೂ ಹರಿದಿರುತ್ತದೆ. ಆದರೂ ಕಾಣುವುದಿಲ್ಲ. ಭೂಕಾಂತದ ಬಲರೇಖೆಗಳು ನಮ್ಮ ಸೀಮೆಯನ್ನು ಹಾಯುವ ರೀತಿಯೇ ಬೇರೆ. ಕಾಂತೀಯ ಸಮಭಾಜಕ ವೃತ್ತ ಕೇರಳ, ತಮಿಳುನಾಡುಗಳ ದಕ್ಷಿಣ ತುದಿಯ ಮೇಲೆ ಹಾದುಹೋಗುವುದರಿಂದ ಇಲ್ಲಿ ಆ ರೇಖೆಗಳು ಹೆಚ್ಚುಕಡಿಮೆ ನೆಲಕ್ಕೆ ಮಲಗಿದಂತೆಯೇ ಇರುತ್ತವೆ. ಕುದುರೆಮುಖದಿಂದ ಹೊರಟ ರೇಖೆ ನೂರು ಕಿಲೋಮೀಟರು ಕೂಡ ಏರದೆ ಬಾಗಿ ಹಿಂದೂ ಮಹಾಸಾಗರದ ಕಡೆಗೆ ಇಳಿದುಬಿಡುತ್ತದೆ. ನಾರ್ವೆಯ ಟ್ರೋಮ್ಸೋದಿಂದ ಹೊರಟ ರೇಖೆ ಮೂವತ್ತು ಸಾವಿರ ಕಿಲೋಮೀಟರಿಗೂ ಆಚೆ ಹೋಗಿ ತಿರುಗುತ್ತದೆ. ಬಾಹ್ಯಾಕಾಶದ ವಿದ್ಯುತ್ಕಣಗಳು ಇಂಥ ರೇಖೆಗಳನ್ನು ಹಿಡಿದೇ ಕೆಳಗಿಳಿಯಬೇಕು. ನಮ್ಮ ತಲೆಯ ಮೇಲಿನ ರೇಖೆಗೆ ಅಷ್ಟು ದೂರದ ಸಹವಾಸವೇ ಇಲ್ಲ.

ಬೆಟ್ಟದ ಒಡಲಲ್ಲಿ ಇರುವುದೇನೋ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತದ ಅದಿರು. 2005ರ ಕೊನೆಗೆ ಗಣಿ ನಿಲ್ಲುವ ತನಕ ಅದನ್ನು ಅರೆದು, ನೀರಲ್ಲಿ ಕಲಸಿ, ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಇಷ್ಟೆಲ್ಲ ಅಯಸ್ಕಾಂತ ಹೊತ್ತ ಬೆಟ್ಟ ಅಕ್ಕಪಕ್ಕದ ದಿಕ್ಸೂಚಿಯ ಮುಳ್ಳನ್ನು ಕೊಂಚ ಕೆಣಕೀತು. ಭೂಮಿಯ ಕಾಂತಕ್ಷೇತ್ರದ ಮುಂದೆ ಅದು ಲೆಕ್ಕಕ್ಕಿಲ್ಲ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶದ ಅಂಚು ಕೆಂಪಾದಾಗ ನಮ್ಮಲ್ಲೂ ಆಸೆ ಚಿಗುರಿತ್ತು. ಹಾನ್ಲೆಯ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಅದರ ಕ್ಯಾಮೆರಾ ಹಿಡಿದ ಆ ಕೆಂಪು ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಮಲೆನಾಡಿಗೂ ಬಂದವು. ಆದರೆ ಅದು ಎರಡು ದಶಕಗಳಲ್ಲೇ ಅತಿ ಬಿರುಸಿನ ಕಾಂತಬಿರುಗಾಳಿ, ಮೇಲಾಗಿ ಹಾನ್ಲೆ ನಮಗಿಂತ ಇಪ್ಪತ್ತು ಡಿಗ್ರಿ ಉತ್ತರಕ್ಕಿದೆ. 1872ರ ಫೆಬ್ರವರಿ 4ರಂದು ಮುಂಬಯಿಯಲ್ಲೂ ಧ್ರುವಪ್ರಭೆ ಕಂಡ ವರದಿಯಿದೆ. ಅಂಥದ್ದು ಶತಮಾನಕ್ಕೊಮ್ಮೆ ಬರಬಹುದಾದ ಅತಿಥಿ. ಅದನ್ನು ನೆಚ್ಚಿ ವಿಜ್ಞಾನ ಕಟ್ಟಲಾಗದು.

ನನಗೆ ಇಲ್ಲಿ ಹೇಳಬೇಕಿರುವುದು ಈ ಕೆಂಪಿನ ವೈಭವದ ಬಗ್ಗೆ ಅಲ್ಲ. ಧ್ರುವಪ್ರಭೆಗಳಲ್ಲೇ ತೀರಾ ಮಂಕಾದ, ಪ್ರವಾಸಿಗರು ಕ್ಯಾರೇ ಅನ್ನದ ಒಂದು ಬಗೆಯಿದೆ: ಮಿಡಿಯುವ ಧ್ರುವಪ್ರಭೆ. ಅದು ಕುದುರೆಮುಖದ ಆಕಾಶದಲ್ಲಿ ಎಂದೂ ಮೂಡದು. ಆದರೂ ಕರ್ನಾಟಕದ ಮಟ್ಟಿಗೆ ಅದು ಹೊರಗಿನ ವಿಷಯವಲ್ಲ ಎಂಬುದೇ ನನ್ನ ವಾದ. ನಮ್ಮ ಪಕ್ಕದ ಜಿಲ್ಲೆ ಹಾಸನದಲ್ಲಿ ಕುಳಿತವರು ದಿನದ ಇಪ್ಪತ್ತನಾಲ್ಕು ಗಂಟೆಯೂ ಕಾಯುವ ಉಪಗ್ರಹಗಳು ಆ ಬೆಳಕಿನ ಹುಟ್ಟುನೆಲೆಯಲ್ಲೇ ಬೀಡುಬಿಟ್ಟಿವೆ.

ಮೊದಲು ಆ ಬೆಳಕು ಹೇಗಿರುತ್ತದೆ ನೋಡಿ. ರಾತ್ರಿಯ ಪೂರ್ವಾರ್ಧದಲ್ಲಿ ಹಸಿರು ಪರದೆಗಳು ಹೊಯ್ದಾಡಿ, ಸಿಡಿದು, ಆಕಾಶವನ್ನೆಲ್ಲ ತುಂಬುತ್ತವೆ. ಜನ ಚಪ್ಪಾಳೆ ತಟ್ಟಿ, ಫೋಟೊ ತೆಗೆದು, ಬೆಚ್ಚಗಿನ ಕೋಣೆಗೆ ಮರಳುತ್ತಾರೆ. ಅವರು ಮಲಗಿದ ಮೇಲೆ, ನಡುರಾತ್ರಿ ಕಳೆದು ಬೆಳಗಿನ ಜಾವದ ತನಕ, ಮಸುಕಾದ ತೇಪೆಗಳು ಮೂಡುತ್ತವೆ. ಒಂದೊಂದು ತೇಪೆ ಹತ್ತಾರು ಕಿಲೋಮೀಟರು ಅಗಲ, ಕೆಲವು ನೂರನ್ನೂ ದಾಟುತ್ತವೆ. ಸುಮಾರು 2ರಿಂದ 20 ಸೆಕೆಂಡಿಗೊಮ್ಮೆ ಅವು ಹೊತ್ತಿ ಆರುತ್ತವೆ. ಒಂದರ ತಾಳ ಪಕ್ಕದ್ದಕ್ಕೆ ಹೊಂದುವುದಿಲ್ಲ. ತೇಪೆ ಹೊತ್ತಿರುವಾಗಲೂ ಅದರೊಳಗೆ ಸೆಕೆಂಡಿಗೆ ಮೂರರ ಆಸುಪಾಸಿನಲ್ಲಿ ಸಣ್ಣ ನಡುಕವೊಂದು ನಡೆದಿರುತ್ತದೆ. ಬರಿಗಣ್ಣಿಗೆ ಬಣ್ಣ ಕಾಣುವಷ್ಟು ಪ್ರಖರವಾಗಿ ಇರುವುದು ಕಡಿಮೆ. ತೆಳುಮೋಡ ಬಂತೆಂದು ಎದ್ದುಹೋಗುವವರೇ ಹೆಚ್ಚು. ಕ್ಯಾಮೆರಾ ಇನ್ನೂ ಮೋಸ ಮಾಡುತ್ತದೆ. ಮೊಬೈಲಿನ ನೈಟ್ ಮೋಡ್ ಹತ್ತು ಸೆಕೆಂಡಿನ ಬೆಳಕನ್ನೆಲ್ಲ ಒಟ್ಟುಗೂಡಿಸಿ ಒಂದೇ ಚಿತ್ರ ಮಾಡುವಾಗ ಹೊತ್ತಿದ್ದೂ ಆರಿದ್ದೂ ಸೇರಿ ಸಪಾಟಾಗುತ್ತವೆ, ಮಿಡಿತ ಅಳಿಸಿಹೋಗುತ್ತದೆ. ಧ್ರುವಪ್ರಭೆಯ ಲಕ್ಷಾಂತರ ಚಿತ್ರಗಳನ್ನು ನೋಡಿದವರಿಗೂ ಇಂಥದ್ದೊಂದು ಇದೆಯೆಂದು ಗೊತ್ತಿರದಿರಲು ಇದೂ ಒಂದು ಕಾರಣ.

ಇದರ ಮೂಲ ಭೂಮಿಯಿಂದ ಮೂವತ್ತು ನಲವತ್ತು ಸಾವಿರ ಕಿಲೋಮೀಟರ್ ದೂರದಲ್ಲಿ, ಸಮಭಾಜಕದ ಸಮತಲದ ಹತ್ತಿರ ಇದೆ. ಸೌರಮಾರುತದ ಒತ್ತಡದಿಂದ ಭೂಮಿಯ ಕಾಂತಕ್ಷೇತ್ರ ರಾತ್ರಿಯ ಬದಿಗೆ ಉದ್ದ ಬಾಲವಾಗಿ ಎಳೆದುಕೊಂಡಿರುತ್ತದೆ. ಆ ಬಾಲ ಆಗಾಗ ಕಡಿದು ಮತ್ತೆ ಕೂಡಿಕೊಂಡಾಗ ಎಲೆಕ್ಟ್ರಾನುಗಳ ದಂಡು ಭೂಮಿಯತ್ತ ನುಗ್ಗುತ್ತದೆ. ನುಗ್ಗಿದ್ದು ನೇರ ಕೆಳಗೆ ಬೀಳದೆ ಬಲರೇಖೆಗಳಲ್ಲಿ ಸಿಕ್ಕಿ, ಉತ್ತರ ದಕ್ಷಿಣಕ್ಕೆ ಪುಟಿಯುತ್ತ, ನಿಧಾನವಾಗಿ ಪೂರ್ವಕ್ಕೆ ಸರಿಯುತ್ತದೆ. ನಡುರಾತ್ರಿಯಿಂದ ಪೂರ್ವಕ್ಕೆ ಸರಿದರೆ ಬೆಳಗಿನ ಬದಿ. ಮಿಡಿಯುವ ಪ್ರಭೆ ಬೆಳಗಿನ ಜಾವದಲ್ಲೇ ಕಾಣುವುದು ಅದಕ್ಕೇ. ಹೀಗೆ ಕೂಡಿಬಿದ್ದ ಎಲೆಕ್ಟ್ರಾನುಗಳು ತಾವೇ ಒಂದು ಜಾತಿಯ ರೇಡಿಯೊ ತರಂಗಗಳನ್ನು ಎಬ್ಬಿಸುತ್ತವೆ. ಅವುಗಳಿಗೆ ಕೋರಸ್ ಎಂದು ಹೆಸರು. ಆವರ್ತನ ಕೆಲವು ನೂರು ಹರ್ಟ್ಸ್‌ನಿಂದ ಕೆಲವು ಸಾವಿರ ಹರ್ಟ್ಸ್‌ವರೆಗೆ ಇರುವುದರಿಂದ ಅದನ್ನು ಹಾಗೆಯೇ ಸ್ಪೀಕರಿಗೆ ಕೊಟ್ಟರೆ ಕಿವಿಗೆ ಕೇಳುತ್ತದೆ: ಕೆಳಸ್ವರದಿಂದ ಮೇಲಕ್ಕೆ ಜಾರುವ ಚಿಲಿಪಿಲಿ. ಈ ತರಂಗ ಎಲೆಕ್ಟ್ರಾನಿನ ಓಟದ ಕೋನವನ್ನು ಬದಲಿಸುತ್ತದೆ. ಗದ್ದೆಯ ಬದು ಒಂದೆಡೆ ಒಡೆದರೆ ಅಲ್ಲಿಯ ತನಕ ನಿಂತಿದ್ದ ನೀರು ಕೆಳಗಿನ ಗದ್ದೆಗೆ ಧುಮುಕುವಂತೆ, ಕೋನ ಬದಲಾದ ಎಲೆಕ್ಟ್ರಾನುಗಳು ರೇಖೆಯ ಹಿಡಿತ ತಪ್ಪಿ ವಾತಾವರಣಕ್ಕೆ ಸುರಿಯುತ್ತವೆ. ನೆಲದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸಾರಜನಕಕ್ಕೆ, ಆಮ್ಲಜನಕಕ್ಕೆ ಬಡಿದಾಗ ಬೆಳಕಾಗುತ್ತದೆ. ತರಂಗ ಎದ್ದಾಗ ತೇಪೆ ಹೊತ್ತುತ್ತದೆ, ತಗ್ಗಿದಾಗ ಆರುತ್ತದೆ. ಒಳಗಿನ ಸಣ್ಣ ನಡುಕ ಕೋರಸಿನ ಒಂದೊಂದೇ ಚಿಲಿಪಿಲಿಯ ಗುರುತು.

ಇದು ಬರೀ ಊಹೆಯಾಗಿ ಉಳಿದಿಲ್ಲ. 2010ರಲ್ಲಿ ಅಮೆರಿಕದ ಥೀಮಿಸ್ ಉಪಗ್ರಹಗಳು ಮೇಲೆ ಅಳೆದ ಕೋರಸಿನ ಏರಿಳಿತವೂ ಕೆಳಗೆ ಕ್ಯಾಮೆರಾ ಕಂಡ ತೇಪೆಯ ಏರಿಳಿತವೂ ಒಂದಕ್ಕೊಂದು ತಾಳೆಯಾದವು. 2016ರ ಡಿಸೆಂಬರಿನಲ್ಲಿ ಜಪಾನ್ ಹಾರಿಸಿದ ಅರಾಸೆ ಉಪಗ್ರಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತರಂಗ ಎಲೆಕ್ಟ್ರಾನುಗಳನ್ನು ಕೆಡವುತ್ತಿರುವುದನ್ನು ಅದು ಸ್ಥಳದಲ್ಲೇ ಹಿಡಿಯಿತು; ಆ ಫಲಿತಾಂಶ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಟ್ಟು ಮಿಡಿತಕ್ಕೆ ಕೆಲವು ಸೆಕೆಂಡುಗಳ ಆ ಲಯ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಇನ್ನೂ ಜಗಳವಿದೆ.

ಈಗ ಹಾಸನಕ್ಕೆ ಬರೋಣ. ಅಲ್ಲಿನ ಸಾಲಗಾಮೆ ರಸ್ತೆಯಲ್ಲಿ ಹೋದವರಿಗೆ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದ ಬಿಳಿ ಡಿಶ್‌ಗಳು ಗೊತ್ತು. 1982ರಲ್ಲಿ ಇನ್ಸಾಟ್-1ಎ ಉಪಗ್ರಹದ ಕಾಲಕ್ಕೆ ಶುರುವಾದ ಕೇಂದ್ರ ಅದು. ಭಾರತದ ಭೂಸ್ಥಿರ ಉಪಗ್ರಹಗಳ ಆರೋಗ್ಯ ನೋಡಿಕೊಳ್ಳುವುದು, ಜಾಗ ಬಿಟ್ಟು ಸರಿದರೆ ತಂದು ನಿಲ್ಲಿಸುವುದು, ಕೆಟ್ಟರೆ ಸರಿಪಡಿಸಲು ಹೆಣಗುವುದು ಎಲ್ಲ ಅಲ್ಲಿಂದಲೂ ಅದರ ಜೋಡಿಯಾದ ಭೋಪಾಲದಿಂದಲೂ ನಡೆಯುತ್ತದೆ. ಭೂಸ್ಥಿರ ಕಕ್ಷೆಯೆಂದರೆ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರ. ಕೋರಸ್ ಏಳುವ, ಎಲೆಕ್ಟ್ರಾನುಗಳ ದಂಡು ಹಾಯುವ ಬಯಲೂ ಇದೇ. ಹವಾಮಾನದ ಚಿತ್ರ ಕಳಿಸುವ ಇನ್ಸಾಟ್-3ಡಿಆರ್ ನಿಂತಿರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕುದುರೆಮುಖದ ರೇಖಾಂಶ 75ರ ಚಿಲ್ಲರೆ. ಅಂದರೆ ಈ ಉಪಗ್ರಹ ನಮ್ಮ ನೆತ್ತಿಗಿಂತ ಕೊಂಚ ದಕ್ಷಿಣಕ್ಕೆ ವಾಲಿ, ಹಗಲೂ ರಾತ್ರಿಯೂ ಅಲ್ಲೇ ಇದೆ. ಅಲ್ಲಿಂದ ಹೊರಟ ಬಲರೇಖೆ ಉತ್ತರದಲ್ಲಿ ಇಳಿಯುವುದು ಸೈಬೀರಿಯಾದ ಆರ್ಕ್ಟಿಕ್ ಅಂಚಿನಲ್ಲಿ, ಧ್ರುವಪ್ರಭೆಯ ವಲಯಕ್ಕೆ. ನಾವು ದಿನವೂ ಸುದ್ದಿಯಲ್ಲಿ ನೋಡುವ ಮೋಡದ ಚಿತ್ರವನ್ನು ತೆಗೆಯುವ ಯಂತ್ರದ ಒಂದು ಕಾಲು, ಹೀಗೆ ನೋಡಿದರೆ, ಮಿಡಿಯುವ ಬೆಳಕಿನ ನಾಡಿನಲ್ಲಿದೆ.

ಉಪಗ್ರಹಕ್ಕೆ ಇದರಿಂದ ಆಗುವ ಪೆಟ್ಟೇನು? ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಮೈಮೇಲೆ ಕೂತು ವಿದ್ಯುದಾವೇಶ ಏರಿಸುತ್ತವೆ. ಒಂದು ಭಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚಾದರೆ ಕಿಡಿ ಹಾರುತ್ತದೆ. ಇನ್ನೂ ಶಕ್ತಿಯುಳ್ಳವು ಹೊದಿಕೆ ತೂರಿ ಒಳಗಿನ ತಂತಿ, ಬೋರ್ಡುಗಳಲ್ಲೇ ಸೇರಿಕೊಳ್ಳುತ್ತವೆ. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಇ-1, ಇ-2 ಉಪಗ್ರಹಗಳು ಒಂದರ ಹಿಂದೊಂದು ದಿಕ್ಕುತಪ್ಪಿದ್ದು ಈ ಎರಡನೆಯ ಕಾರಣಕ್ಕೆ. ಎರಡನೆಯದನ್ನು ಮತ್ತೆ ಹತೋಟಿಗೆ ತರಲು ತಿಂಗಳುಗಳೇ ಹಿಡಿದವು. 2010ರ ಏಪ್ರಿಲ್ 5ರಂದು ಗ್ಯಾಲಕ್ಸಿ-15 ಎಂಬ ಉಪಗ್ರಹ ನೆಲದ ಆಜ್ಞೆಗೆ ಕಿವುಡಾಗಿ, ಆದರೆ ಪ್ರಸಾರ ನಿಲ್ಲಿಸದೆ, ನೆರೆಯ ಉಪಗ್ರಹಗಳ ಜಾಗಕ್ಕೆ ತೇಲತೊಡಗಿತು. ಕಾಂತಗೋಳದಲ್ಲಿ ಜೋರು ಕಲಕಾಟ ನಡೆದ ಬೆನ್ನಿಗೇ ಆದ ಘಟನೆ ಅದು. ಎಲೆಕ್ಟ್ರಾನುಗಳ ಮೇಲೆ ಬಲವಾದ ಗುಮಾನಿಯಿದೆ, ಖಚಿತ ತೀರ್ಪಿಲ್ಲ. ಮೈಮೇಲಿನ ಆವೇಶದಿಂದ ಆಗುವ ತೊಂದರೆಗಳು ಉಪಗ್ರಹದ ಸ್ಥಳೀಯ ಕಾಲಮಾನದಲ್ಲಿ ನಡುರಾತ್ರಿಯಿಂದ ಬೆಳಗಿನ ನಡುವೆ ಹೆಚ್ಚು ಎಂಬುದು ಮಾತ್ರ ದಶಕಗಳಿಂದ ತಿಳಿದ ಸಂಗತಿ. ಮಿಡಿಯುವ ಪ್ರಭೆಯ ಹೊತ್ತೂ ಅದೇ.

ತೋಟದ ಮನೆಯ ಹೆಂಚಿನ ಮೇಲಿನ ಡಿಶ್ ಕೈಕೊಡುವುದಕ್ಕೆಲ್ಲ ಇದೇ ಕಾರಣ ಎಂದು ಯಾರೂ ಹೇಳದಿರಲಿ. ಆಷಾಢದ ಕಳಸದಲ್ಲಿ ಟಿ.ವಿ. ಹೋಗುವುದು ಮಳೆಯ ದಪ್ಪಕ್ಕೆ. ಅದರ ಹೊಣೆಯನ್ನು ಎಲೆಕ್ಟ್ರಾನಿನ ತಲೆಗೆ ಕಟ್ಟಬಾರದು.

ಈ ವಿಷಯಕ್ಕೂ ನಮಗೂ ನಂಟು ಹೊಸದೂ ಅಲ್ಲ. ಕುದುರೆಮುಖದಿಂದ ಪಶ್ಚಿಮಕ್ಕೆ ಘಟ್ಟ ಇಳಿದರೆ ಸಿಗುವ ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರನ್ನು ನಾವು ಆರ್ಯಭಟದ ಶಿಲ್ಪಿಯೆಂದು, ಇಸ್ರೊ ಅಧ್ಯಕ್ಷರೆಂದು ನೆನೆಯುತ್ತೇವೆ. ಅದಕ್ಕೂ ಮೊದಲು ಅವರು ಕಾಸ್ಮಿಕ್ ಕಿರಣಗಳ, ಸೌರಮಾರುತದ ಸಂಶೋಧಕ. 1962ರಲ್ಲಿ ಶುಕ್ರನತ್ತ ಹೋದ ಮ್ಯಾರಿನರ್-2 ಕಳಿಸಿದ ಮಾಹಿತಿಯಿಂದ ಸೌರಮಾರುತ ಎಡೆಬಿಡದೆ ಬೀಸುತ್ತದೆ, ಭೂಕಾಂತವನ್ನು ಅಲುಗಿಸುತ್ತದೆ ಎಂದು ತೋರಿಸಿದವರಲ್ಲಿ ಅವರೊಬ್ಬರು. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿಸಿದ ಆರ್ಯಭಟದಲ್ಲಿ ಇದ್ದ ಮೂರು ಪ್ರಯೋಗಗಳಲ್ಲಿ ಒಂದು ಮೇಲ್ವಾತಾವರಣದ್ದು. ವಿದ್ಯುತ್ ಪೂರೈಕೆ ಕೈಕೊಟ್ಟು ಕೆಲವೇ ದಿನಗಳಲ್ಲಿ ಪ್ರಯೋಗ ನಿಂತಿತು; ಉಪಗ್ರಹ ಕಟ್ಟುವ ವಿದ್ಯೆ ಉಳಿಯಿತು. ನಮ್ಮ ಶಾಲೆಯ ಪಾಠಗಳು ಆ ಎರಡನೆಯದನ್ನಷ್ಟೇ ಹೇಳುತ್ತವೆ. ರಾಕೆಟ್ಟಿಗೆ ಹಾರ ಹಾಕುವ ನಾವು ಅದು ಏನನ್ನು ಅಳೆಯಲು ಹೋಯಿತು ಎಂದು ಕೇಳುವುದು ಕಡಿಮೆ.

ಇನ್ನು ವಾತಾವರಣದ ಮೇಲಿನ ಪರಿಣಾಮ. ಇಲ್ಲಿ ಉತ್ಪ್ರೇಕ್ಷೆಗೆ ಬಾಗಿಲು ಅಗಲವಾಗಿ ತೆರೆದಿದೆ. ಎಲೆಕ್ಟ್ರಾನಿನ ಶಕ್ತಿ ಹೆಚ್ಚಿದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟಿನದ್ದು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ನಿಂತರೆ, ಅದಕ್ಕೂ ಹೆಚ್ಚಿನ ಶಕ್ತಿಯವು ಎಂಬತ್ತಕ್ಕೆ, ಅರವತ್ತರ ಹತ್ತಿರಕ್ಕೆ ತಲುಪುತ್ತವೆ. ಟ್ರೋಮ್ಸೋದ ರೇಡಾರ್, ನೆಲದ ಕ್ಯಾಮೆರಾ, ಅರಾಸೆ ಉಪಗ್ರಹ ಮೂರನ್ನೂ ಒಟ್ಟಿಗೆ ಬಳಸಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ 2021ರಲ್ಲಿ ತೋರಿಸಿದ್ದು ಇದನ್ನೇ: ಮಂಕು ತೇಪೆ ಮಿಡಿಯುತ್ತಿರುವಾಗ ಅದರ ಜೊತೆಗೇ ವಿಕಿರಣ ಪಟ್ಟಿಯ ಭಾರಿ ಶಕ್ತಿಯ ಎಲೆಕ್ಟ್ರಾನುಗಳೂ ಕೆಳಗಿಳಿಯುತ್ತವೆ. 2022ರ ಮಾರ್ಚ್ 5ರಂದು ಅಲಾಸ್ಕಾದ ಪೋಕರ್ ಫ್ಲಾಟ್‌ನಿಂದ ನಾಸಾ ಹಾರಿಸಿದ ಲ್ಯಾಂಪ್ ಎಂಬ ರಾಕೆಟ್ಟು ಮಿಡಿಯುವ ತೇಪೆಗಳ ನಡುವೆಯೇ ಹಾದುಹೋಗಿದ್ದು ಈ ನಂಟನ್ನು ಹತ್ತಿರದಿಂದ ನೋಡಲೆಂದು. ಇಳಿದ ಎಲೆಕ್ಟ್ರಾನುಗಳು ಸಾರಜನಕದ ಆಕ್ಸೈಡುಗಳನ್ನೂ ಜಲಜನಕದ ಚುರುಕು ಸಂಯುಕ್ತಗಳನ್ನೂ ಹುಟ್ಟಿಸುತ್ತವೆ. ಅವು ಓಝೋನನ್ನು ತಿನ್ನುತ್ತವೆ. ಸ್ಥಳೀಯವಾಗಿ ಶೇಕಡಾ 10ಕ್ಕೂ ಹೆಚ್ಚು ಓಝೋನ್ ನಾಶವಾಗಬಹುದು ಎಂಬುದು ನಗೋಯಾ ತಂಡದ ಲೆಕ್ಕಾಚಾರ.

ಶೇಕಡಾ ಹತ್ತು ಎಂದ ಕೂಡಲೇ ಶೀರ್ಷಿಕೆ ಬರೆಯುವವರ ಕೈ ತುರಿಸುತ್ತದೆ. ಆದರೆ ಇದು ಅರವತ್ತು ಎಂಬತ್ತು ಕಿಲೋಮೀಟರಿನ ಎತ್ತರದ ತೆಳ್ಳಗಿನ ಓಝೋನ್. ಅತಿನೇರಳೆ ಕಿರಣದಿಂದ ನಮ್ಮನ್ನು ಕಾಯುವ ಪದರ ಇರುವುದು ಹದಿನೈದರಿಂದ ಮೂವತ್ತೈದು ಕಿಲೋಮೀಟರಿನ ನಡುವೆ. ಧ್ರುವದ ದೀರ್ಘ ರಾತ್ರಿಯಲ್ಲಿ ಮೇಲಿನ ಸಾರಜನಕದ ಆಕ್ಸೈಡುಗಳು ನಿಧಾನವಾಗಿ ಕೆಳಗಿಳಿದು ಅಲ್ಲಿನ ಗಾಳಿಯ ಉಷ್ಣತೆಯನ್ನು, ಸುಳಿಗಾಳಿಯನ್ನು ಕೊಂಚ ತಿದ್ದಬಹುದು. ಇತ್ತೀಚಿನ ಹವಾಗುಣ ಮಾದರಿಗಳಲ್ಲಿ ಇಂಥ ಕಣಗಳ ಪ್ರಭಾವವನ್ನೂ ಸೇರಿಸಬೇಕೆಂಬ ಶಿಫಾರಸು ಬಂದಿರುವುದು ಅದಕ್ಕೆ. ಅಲ್ಲಿಂದ ಮುಂದೆ ಜಿಗಿದು ‘ನಮ್ಮ ಹೂಮಳೆ ತಪ್ಪುತ್ತಿರುವುದು ಇದರಿಂದಲೇ’ ಎಂದರೆ ಅದು ವಿಜ್ಞಾನವಲ್ಲ. ಏಪ್ರಿಲ್‌ನಲ್ಲಿ ಹೂಮಳೆ ಕಾದು ಕೂತ ಕಾಫಿ ಬೆಳೆಗಾರ ‘ಇದರಿಂದ ಮಳೆಗೇನಾದ್ರೂ ಉಂಟಾ ಸ್ವಾಮಿ?’ ಎಂದು ಕೇಳಿದರೆ ಇಲ್ಲ ಎಂದೇ ಹೇಳಬೇಕು. ಸಂಶೋಧನೆಗೆ ದುಡ್ಡು ಬರಲೆಂದು ಮಳೆಯ ಹೆಸರು ಹೇಳಿ ಧ್ರುವಪ್ರಭೆಯನ್ನು ಮಾರಲು ಹೊರಟರೆ ಮುಂದೆ ಯಾರೂ ನಂಬುವುದಿಲ್ಲ. ಆ ಬೆಳೆಗಾರನಿಗೆ ಮಳೆಯ ಮುನ್ಸೂಚನೆ ತರುವ ಉಪಗ್ರಹದ ಆಯುಷ್ಯಕ್ಕೂ ಈ ಎಲೆಕ್ಟ್ರಾನುಗಳಿಗೂ ಸಂಬಂಧವಿದೆ ಎಂದರೆ ಅದು ನಿಜ, ಮತ್ತು ಅಷ್ಟು ಸಾಕು.

ಇದಕ್ಕೆ ಎದುರಾಗಿ ತೂಕದ ಆಕ್ಷೇಪ ಒಂದಿದೆ. ನಮ್ಮ ತಲೆಯ ಮೇಲಿನ ಅಯಾನುಗೋಳಕ್ಕೇ ಅದರದೇ ರೋಗಗಳಿವೆ. ಸೂರ್ಯ ಮುಳುಗಿದ ಮೇಲೆ ಏಳುವ ಪ್ಲಾಸ್ಮಾ ಗುಳ್ಳೆಗಳು ಜಿಪಿಎಸ್ ಸಂಕೇತವನ್ನು ಕದಡುತ್ತವೆ. ಸಮಭಾಜಕದ ವಿದ್ಯುತ್ ಹೊಳೆಯನ್ನು ಅರಿಯಲೆಂದೇ ಕೇರಳದ ತುಂಬಾದಿಂದ ರಾಕೆಟ್ ಹಾರಿಸುವ ಕೆಲಸ 1963ರಲ್ಲಿ ಶುರುವಾದದ್ದು. ಜಿಪಿಎಸ್‌ನಂಥದೇ ನಮ್ಮ ನಾವಿಕ್ ವ್ಯವಸ್ಥೆ ಎರಡು ತರಂಗಾಂತರ ಬಳಸುವುದೂ ಅಯಾನುಗೋಳದ ಈ ಕಾಟವನ್ನು ಲೆಕ್ಕ ಹಾಕಿ ಕಳೆಯಲೆಂದು. ಇರುವ ಅಲ್ಪ ಹಣ ಮೊದಲು ಇಲ್ಲಿಗೆ ಬರಲಿ ಎಂದರೆ ನಾನು ಒಪ್ಪುತ್ತೇನೆ. ಆದರೆ ಮನೆಯ ಆಕಾಶ, ಪರರ ಆಕಾಶ ಎಂಬ ಗೆರೆ ಎಳೆಯಲು ಹೋದರೆ ಅದು ನಿಲ್ಲುವುದಿಲ್ಲ. ಕಾಂತಬಿರುಗಾಳಿಯಲ್ಲಿ ಧ್ರುವದ ಕಡೆಯ ವಿದ್ಯುತ್ ಕ್ಷೇತ್ರ ನಿಮಿಷಗಳಲ್ಲಿ ಸಮಭಾಜಕಕ್ಕೆ ತಲುಪುತ್ತದೆ. ಧ್ರುವದ ಕಡೆ ಕಾದ ಗಾಳಿ ಬೀಸಿ ಬಂದು ಮಾರನೆಯ ದಿನ ನಮ್ಮ ಅಯಾನುಗೋಳವನ್ನೇ ತಿರುಚುತ್ತದೆ. 1859ರ ಸೆಪ್ಟೆಂಬರಿನ ಮಹಾ ಬಿರುಗಾಳಿಯ ಬಹುಮುಖ್ಯ ದಾಖಲೆ ದೊರೆತದ್ದು ಮುಂಬಯಿಯ ಕೊಲಾಬಾದಲ್ಲಿ, ಆಕಾಶ ನೋಡಿ ಅಲ್ಲ, ಕಾಂತಸೂಜಿ ನೋಡಿ: ಭೂಕಾಂತದ ಅಡ್ಡಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಮುಂದೆ ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆಂದು ಆ ಕಾಂತ ವೀಕ್ಷಣಾಲಯವನ್ನು ಅಲಿಬಾಗಿಗೆ ಸಾಗಿಸಿದರು. ದಾಖಲೆಯ ಸರಣಿ ಕಡಿಯಬಾರದೆಂಬ ಆ ಕಾಳಜಿ ಇಂದಿಗೂ ಮಾದರಿ.

ಹಾಗಾದರೆ ಮಾಡಬೇಕಾದ್ದೇನು? ದುಬಾರಿಯದ್ದೇನೂ ಅಲ್ಲ. ಹಾಸನದ ಕೇಂದ್ರದಲ್ಲಿ ನಾಲ್ಕು ದಶಕಗಳಿಂದ ಉಪಗ್ರಹ ಕಾಯುತ್ತಿದ್ದಾರೆ. ಯಾವ ಉಪಗ್ರಹಕ್ಕೆ ಯಾವ ಗಳಿಗೆಯಲ್ಲಿ ಯಾವ ಸಣ್ಣಪುಟ್ಟ ತೊಂದರೆಯಾಯಿತು ಎಂಬ ಪಟ್ಟಿಯನ್ನು, ಗುಟ್ಟಿನ ಅಂಶಗಳನ್ನು ತೆಗೆದು, ವಿಶ್ವವಿದ್ಯಾಲಯಗಳಿಗೆ ಕೊಡಬಹುದು. ಅರಾಸೆಯ, ಥೀಮಿಸ್‌ನ ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದೆ. 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಆದಿತ್ಯ-ಎಲ್1 ನೌಕೆ ಸೌರಮಾರುತವನ್ನು ದಾರಿಯಲ್ಲೇ ಅಳೆಯುತ್ತಿದೆ. ಇವನ್ನು ಪಕ್ಕಪಕ್ಕ ಇಟ್ಟು ನೋಡಲು ಒಂದು ಕಂಪ್ಯೂಟರು, ಭೌತಶಾಸ್ತ್ರ ಓದಿದ ಒಬ್ಬ ಹುಡುಗಿಯೋ ಹುಡುಗನೋ ಸಾಕು. ಚಿಕ್ಕಮಗಳೂರಿನ ಕಾಲೇಜಿನಿಂದಲೂ ಆಗುವ ಕೆಲಸ ಅದು. ಕೆನಡಾ, ಸ್ವೀಡನ್, ಫಿನ್ಲೆಂಡುಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಧ್ರುವಪ್ರಭೆಯ ಫೋಟೊ ಕಳಿಸುತ್ತಲೇ ಇರುತ್ತಾರೆ. ನಡುರಾತ್ರಿಯ ಮೇಲೂ ಅರ್ಧ ಗಂಟೆ ನಿಂತು, ಫೋಟೊ ಬಿಟ್ಟು ವಿಡಿಯೊ ಮಾಡಿ, ಗಡಿಯಾರದ ಸಮಯ ಸರಿಯಾಗಿ ನಮೂದಿಸಿದರೆ ಅದಕ್ಕೆ ಬೇರೆಯೇ ಬೆಲೆ. ‘ಸ್ಟೀವ್’ ಎಂಬ ನೇರಳೆ ಪಟ್ಟಿಯನ್ನು ವಿಜ್ಞಾನಿಗಳ ಗಮನಕ್ಕೆ ತಂದವರು ಕೆನಡಾದ ಆಲ್ಬರ್ಟಾದ ಹವ್ಯಾಸಿಗಳೇ.

ಭಾರತದ ಮೈತ್ರಿ ನೆಲೆ 1989ರಿಂದ ಅಂಟಾರ್ಕ್ಟಿಕದಲ್ಲಿದೆ. ಕೊಲಾಬಾ ಪರಂಪರೆಯ ಭಾರತೀಯ ಭೂಕಾಂತ ಸಂಸ್ಥೆಯವರು ಅಲ್ಲಿ ಕಾಂತಕ್ಷೇತ್ರ ಅಳೆಯುತ್ತ ಬಂದಿದ್ದಾರೆ. ಇನ್ಸಾಟ್‌ನ ಬಲರೇಖೆ ದಕ್ಷಿಣದಲ್ಲಿ ಇಳಿಯುವುದು ಮೈತ್ರಿಯ ಮೇಲಲ್ಲ, ಅಲ್ಲಿಂದ ಬಹಳ ಪೂರ್ವಕ್ಕಿರುವ ಸಮುದ್ರದ ಮೇಲೆ. ಆದರೆ ಎಲೆಕ್ಟ್ರಾನುಗಳ ದಂಡು ಪೂರ್ವಕ್ಕೆ ಸರಿಯುತ್ತ ಗಂಟೆಗಳಲ್ಲಿ ಇಡೀ ಭೂಮಿಯನ್ನು ಸುತ್ತುವುದರಿಂದ ಮೈತ್ರಿಯ ಆಕಾಶದಲ್ಲಿ ಕಂಡದ್ದಕ್ಕೂ ಹಾಸನದ ಪಟ್ಟಿಯಲ್ಲಿ ದಾಖಲಾದದ್ದಕ್ಕೂ ತಾಳೆ ಹುಡುಕುವುದು ಅರ್ಥವಿಲ್ಲದ ಕೆಲಸವಾಗದು. ಹಳೆಯ ಮೈತ್ರಿಯ ಬದಲಿಗೆ ಮೈತ್ರಿ-2 ಕಟ್ಟುವ ಉದ್ದೇಶವನ್ನು ಭಾರತ 2024ರ ಮೇ ತಿಂಗಳಲ್ಲಿ ಕೊಚ್ಚಿಯ ಅಂಟಾರ್ಕ್ಟಿಕ್ ಒಪ್ಪಂದದ ಸಭೆಯಲ್ಲಿ ಹೇಳಿತು. ಅದರ ನಕ್ಷೆ ಬರೆಯುವವರು ಮಾಳಿಗೆಯಲ್ಲಿ ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಒಂದು ಗಾಜಿನ ಗುಮ್ಮಟ, ಜನರೇಟರಿನ ಗದ್ದಲದಿಂದ ದೂರದ ಹಿಮದಲ್ಲಿ ಕೋರಸ್ ಹಿಡಿಯುವ ತಂತಿಯ ಚೌಕಟ್ಟು, ಇಷ್ಟಕ್ಕೆ ಈಗಲೇ ಜಾಗ ಬಿಡಬೇಕು. ಕಟ್ಟಡ ಎದ್ದ ಮೇಲೆ ಸೂರಿಗೆ ತೂತು ಕೊರೆಯಲು ಅಲ್ಲಿಗೆ ಯಾರೂ ಹೋಗುವುದಿಲ್ಲ.